ಸರಯೂ ತೀರದಲ್ಲಿ ಗ್ರಹಣ

ಗದಗು ಬಿಟ್ಟದ್ದು

ಸಮುದ್ರ ದಾಟಿ ಹೋದವರು ಹಿಂದಿರುಗಿ ಬಂದು ಪುಸ್ತಕ ಬರೆಯುವುದು ವಾಡಿಕೆ. ನಾನು ದಾಟಿದ್ದು ಕೃಷ್ಣಾ ನದಿಯನ್ನು, ಅದೂ ತೂಕಡಿಸುತ್ತ. ಹೀಗಾಗಿ ಪುಸ್ತಕದ ಮೇಲೆ ನನ್ನ ಹಕ್ಕು ಅಷ್ಟು ಗಟ್ಟಿಯಲ್ಲ. ಆದರೂ ಗದಗಿನವನು ಪುಣೆಗೆ ಹೋಗುವುದು ಪರದೇಶ ಪ್ರವಾಸವಲ್ಲ ಎನ್ನುವವರು ಪುಣೆಗೆ ಹೋದವರಲ್ಲ. ಎರಡೂ ಊರಿಗೆ ಲಾಟಸಾಹೇಬನು ಒಬ್ಬನೇ, ಅಂಚೆಚೀಟಿ ಒಂದೇ, ರೈಲೂ ಒಂದೇ. ಆದರೆ ವಿಲಾಯತಿಗೆ ಹೋದವನಿಗೆ ಅಲ್ಲಿನವರು ಪರಕೀಯರೆಂಬುದು ಮೊದಲೇ ಗೊತ್ತಿರುತ್ತದೆ. ಪುಣೆಯಲ್ಲಿ ಅದನ್ನು ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ.

ನಾನು ನಾಟಕದ ಪರದೆಗಳನ್ನು ಬರೆಯುವವನು. ಹನ್ನೆರಡು ವರ್ಷ ಒಂದೇ ನಾಟಕ ಕಂಪನಿಯಲ್ಲಿ ಕೈಲಾಸ, ಅಂತಃಪುರ, ಸ್ಮಶಾನ, ಬೀದಿ ಇವುಗಳನ್ನು ಬರೆದುಕೊಂಡಿದ್ದೆ. ಕಂಪನಿಯ ಯಜಮಾನರು ತೀರಿಕೊಂಡರು. ಅಳಿಯಂದಿರಿಬ್ಬರು ಕಂಪನಿಯನ್ನು ಎರಡು ಪಾಲು ಮಾಡಿಕೊಂಡರು, ಮತ್ತು ಎರಡು ಪಾಲೂ ಮುಳುಗಿದವು. ಆ ಮಳೆಗಾಲದಲ್ಲಿ ಗದಗಿನ ಅರಳೆಯ ಪೇಟೆಗೆ ಹೋದವನು ಕಲ್ಲಾಗಿ ನಿಂತೆ. ಅರಳೆಯ ಅಂಡಿಗೆಗಳ ಮೇಲೆ ನನ್ನ ಕೈಲಾಸವನ್ನು ಹೊದಿಸಿದ್ದರು. ಪಾರ್ವತಿಯ ಮೂಗಿನ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. "ನಿಮ್ಮ ಪರದೆ ಭಾಳ ಗಟ್ಟಿ ನೋಡ್ರಿ ಶಂಕ್ರಪ್ಪಾರ, ಒಂದ ಹನಿ ಒಳಗ ಇಳದಿಲ್ಲ" ಎಂದು ವ್ಯಾಪಾರಿಯು ಮನಃಪೂರ್ವಕವಾಗಿ ಹೊಗಳಿದನು. ನನ್ನ ಕಲೆಗೆ ಆ ಊರಿನಲ್ಲಿ ಸಿಕ್ಕ ಕೊನೆಯ ಪ್ರಶಂಸೆ ಅದೇ.

ಮುಂದೆ ಎರಡು ದಾರಿ. ಒಂದು, ಹುಬ್ಬಳ್ಳಿಯಲ್ಲಿ ಭಾವನ ಎಣ್ಣೆಯ ಅಂಗಡಿಗೆ ಹೋಗಿ, ಬೋರ್ಡು ಬರೆದು, ಬೋರ್ಡು ಮುಗಿದ ಮೇಲೆ ಎಣ್ಣೆ ಅಳೆಯುವುದು. ಇನ್ನೊಂದು, ಪುಣೆ. ಹೆಂಡತಿ ಗಂಗವ್ವನ ದೂರದ ಸಂಬಂಧಿ ಬಸಲಿಂಗಪ್ಪನು ಅಲ್ಲಿ ಒಂದು ಬಟ್ಟೆಯ ಪೇಢಿಯಲ್ಲಿ ಗುಮಾಸ್ತ. ಅವನು ಬಾಡಿಗೆಗಿದ್ದ ವಾಡೆಯ, ಅಂದರೆ ದೊಡ್ಡ ಮನೆಯ, ಯಜಮಾನಿಯ ಸೋದರಳಿಯನು ಓಡುವ ಚಿತ್ರ ತೆಗೆಯುವ ಸಣ್ಣ ಕಂಪನಿಯೊಂದನ್ನು ಇಟ್ಟಿದ್ದನಂತೆ. ರಾಮನ ವನವಾಸದ ಚಿತ್ರಕ್ಕೆ ಪರದೆ ಬರೆಯುವವನು ಬೇಕಾಗಿದ್ದನಂತೆ. "ಒಂದು ಪರದೆ ಬರೆದು ತೋರಿಸಬೇಕು. ಗೆದ್ದರೆ ಖಾಯಂ ನೌಕರಿ. ಸೋತರೆ ಊರಿಗೆ ಟಿಕೆಟ್ಟು" ಎಂದು ಬಸಲಿಂಗಪ್ಪ ಬರೆದಿದ್ದನು. ಆ ಕಾಲಕ್ಕೆ ಚಿತ್ರಗಳು ಇನ್ನೂ ಮೂಕವಾಗಿದ್ದವು. ಮಾತನ್ನು ಬರೆದು ತೋರಿಸುತ್ತಿದ್ದರು.

ನನಗೆ ಅಂಜಿಕೆ ಇರಲಿಲ್ಲ. ಏಕೆಂದರೆ ನನ್ನ ಬಳಿ ಕೆಂಪು ಇತ್ತು. ನಾಟಕದ ಗ್ಯಾಸ್‌ಬತ್ತಿಯ ಬೆಳಕು ಬಣ್ಣವನ್ನು ಅರ್ಧ ನುಂಗುತ್ತದೆ. ಅದಕ್ಕೆ ಬಲ್ಲ ಪೇಂಟರನು ಕೆಂಪನ್ನು ಎರಡು ಪಟ್ಟು ಹಾಕುತ್ತಾನೆ. ನಾನು ಮೂರು ಪಟ್ಟು ಹಾಕುತ್ತಿದ್ದೆ. ನನ್ನ ಅರುಣೋದಯದ ಪರದೆ ಬಿಚ್ಚಿಕೊಂಡಾಗ ನರಗುಂದದ ಜನ ನಟರಿಗಿಂತ ಮೊದಲು ಪರದೆಗೇ 'ವನ್ಸ್‌ಮೋರ್' ಕೂಗಿ, ಅದನ್ನು ಸುತ್ತಿಸಿ ಮತ್ತೆ ಬಿಡಿಸಿದ್ದರು. ಗಂಗವ್ವ ಇಂಗಳೀಕದ ಕೆಂಪು ಕಲ್ಲನ್ನು ಮೂರು ದಿನ ಅರೆದು ನುಣ್ಣಗೆ ಮಾಡಿ, ಮಡಕೆಯಲ್ಲಿ ತುಂಬಿ, ಬಾಯಿಗೆ ಅರಿವೆ ಕಟ್ಟಿ ಕೊಟ್ಟಳು.

"ಅಲ್ಲಿ ಮಂದಿ ಕೆಂಪ ಕೊಡ್ತಾರೋ ಇಲ್ಲೋ, ನಮ್ಮದ ಇರಲಿ. ನೌಕರಿ ಗಟ್ಟಿ ಆದ ಕೂಡ್ಲೆ ಕಾಗದ ಹಾಕ್ರಿ. ಅಲ್ಲೀತನಕ ನಾ ಹುಬ್ಬಳ್ಳಿ ಕಡೆ ಮಾರಿ ಮಾಡೂದಿಲ್ಲ" ಎಂದಳು.

ಮೀರಜ

ಮೀರಜದವರೆಗೆ ಜನ 'ಬರ್ರಿ, ಕೂಡ್ರಿ' ಎನ್ನುತ್ತಾರೆ. ಅಲ್ಲಿಂದ ಮುಂದೆ ಯಾರೂ ಕೂಡಿರೆನ್ನುವುದಿಲ್ಲ. ಕೂತವನನ್ನು ಏಕೆ ಕೂತೆ ಎಂದು ಕೇಳುತ್ತಾರೆ. ನಮ್ಮ ಡಬ್ಬಿಗೆ ಯಾತ್ರೆಗೆ ಹೊರಟ ಹನ್ನೊಂದು ಜನ ಮುತ್ತೈದೆಯರು ಏರಿದರು. ನಾನು ಚಹಾಕ್ಕೆಂದು ಇಳಿದು ಬರುವುದರೊಳಗೆ ಅವರಲ್ಲಿ ಹಿರಿಯಳಾದವಳು ನನ್ನ ಮಡಕೆಯ ಅರಿವೆ ಬಿಚ್ಚಿ, ಇಷ್ಟು ಒಳ್ಳೆಯ ಕುಂಕುಮವನ್ನು ಜನ್ಮದಲ್ಲಿ ಕಂಡಿಲ್ಲವೆಂದು ತಾನು ಹಚ್ಚಿಕೊಂಡು ಉಳಿದ ಹತ್ತು ಹಣೆಗೂ ಹಚ್ಚಿ, ಹನ್ನೆರಡನೆಯದಾಗಿ ಕಿಟಕಿಯಿಂದ ಕೈಚಾಚಿ ಪ್ಲಾಟಫಾರ್ಮಿನ ಮೇಲಿನ ಒಬ್ಬಾಕೆಗೂ ಹಚ್ಚುತ್ತಿದ್ದಳು. ಅದು ಪರದೆಯ ಬಣ್ಣವೆಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅವಳು ಅದನ್ನು ಏನೆಂದು ತಿಳಿದಳೋ, ಮಡಕೆಗೆ ಕೈಮುಗಿದಳು. ಪುಣೆಯ ತನಕ ಹನ್ನೊಂದು ಸಂಜೆಸೂರ್ಯರು ನನ್ನ ಎದುರಿಗೆ ಕೂತು ಶೇಂಗಾ ತಿಂದರು. ಶಕುನ ಒಳ್ಳೆಯದೆಂದೇ ಬಗೆದೆ.

ಸದಾಶಿವ ಪೇಠ

ಪುಣೆ ಮುಟ್ಟಿದ ಕೂಡಲೇ ಶಂಕ್ರಪ್ಪನಾಗಿದ್ದ ನಾನು ಶಂಕರರಾವ ಆದೆ. ಈ ಪದವಿಗೆ ಅರ್ಜಿ ಹಾಕಬೇಕಿಲ್ಲ, ಟಾಂಗಾದವನೇ ಕೊಟ್ಟುಬಿಡುತ್ತಾನೆ.

ಬಸಲಿಂಗಪ್ಪ ವಾಸವಾಗಿದ್ದ ವಾಡೆಯ ಯಜಮಾನಿಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಎಪ್ಪತ್ತರ ಸಮೀಪದ ವಿಧವೆ. ಆ ಕಡೆಯ ಮಡಿವಂತ ವಿಧವೆಯರಂತೆ ತಲೆ ಬೋಳಿಸಿಕೊಂಡು ಕೆಂಪು ಸೀರೆಯನ್ನು ತಲೆಯ ಮೇಲಿಂದ ಹೊದ್ದುಕೊಂಡಿದ್ದಳು. ಬಸಲಿಂಗಪ್ಪನಿಗೆ ಕೋಣೆ ಕೊಡುವ ಮೊದಲು ಅವನ ಲಿಂಗಧಾರಣೆ, ಅಡುಗೆ, ನಿದ್ದೆ, ಕೆಮ್ಮು ಇವುಗಳ ಮೇಲೆ ಮೂರು ತಿಂಗಳು ವಿಚಾರಣೆ ನಡೆಸಿದ್ದಳಂತೆ. ನನ್ನ ವಿಚಾರಣೆ ಬಾಗಿಲಲ್ಲೇ ಆಯಿತು. ಅವಳ ಮರಾಠಿಯನ್ನು ಕನ್ನಡಿಸಿ ಕೊಡುತ್ತಿದ್ದೇನೆ. ಅನುವಾದದಲ್ಲಿ ಖಾರ ಸ್ವಲ್ಪ ಇಳಿದಿದೆ.

"ನೀನೇ ಏನು ಗೋಡೆ ಬಳಿಯುವವನು?"

"ಪರದೆ ಬರೆಯುವವನು, ಕಾಕು."

"ಗೋಡೆಯಾದರೆ ಮನೆ ನಿಲ್ಲುತ್ತದೆ. ಪರದೆಯಿಂದ ಏನು ನಿಲ್ಲುತ್ತದೆ?" ಎಂದು ಕೇಳಿ, ಅದೇ ಉಸಿರಿಗೆ ಮುಂದಿನ ಪ್ರಶ್ನೆಗೆ ಹೋದಳು. "ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಈ ವಾಡೆಯಲ್ಲಿ ಸದ್ದಿಲ್ಲ. ನೀನು ಹಾಡುತ್ತೀಯೋ?"

"ಇಲ್ಲ."

"ಸೀನುತ್ತೀಯೋ?"

ನಮ್ಮ ಕಡೆ ಅತಿಥಿಗೆ ಮೊದಲು ನೀರು ಕೊಟ್ಟು ಬೆಲ್ಲ ಕೊಡುತ್ತಾರೆ. ಇಲ್ಲಿ ನಿಯಮ ಕೊಟ್ಟು ನೀರು ಕೊಡುತ್ತಾರೆ. ಬೆಲ್ಲವನ್ನು ಸಾರಿನಲ್ಲಿ ಹಾಕುತ್ತಾರೆ. ಹೌದು, ಬೇಳೆಯ ಸಾರಿನಲ್ಲಿ. ಮೊದಲ ತುತ್ತಿಗೆ ನಾನು ಬಸಲಿಂಗಪ್ಪನ ಮುಖ ನೋಡಿದೆ.

"ನುಂಗ್ರಿ. ಎರಡ ವರ್ಷದಾಗ ರೂಢಿ ಆಗ್ತದ" ಎಂದನು ಅವನು, ಗಂಭೀರವಾಗಿ. "ನನಗ ಈಗ ಊರಿಗೆ ಹೋದ್ರ ನಮ್ಮವ್ವನ ಸಾರ ಕಡಕ ಹತ್ತತದ. ಆಕಿ ಅಳತಾಳ."

ನಾನು ಬೆಚ್ಚಿದೆ. ತಾಯಿಯ ಸಾರು ಖಾರವೆನಿಸುವಂತೆ ಮನುಷ್ಯನನ್ನು ಮಾಡುವ ಊರು ಸಾಮಾನ್ಯ ಊರಲ್ಲ.

ನದಿಯಾಚೆ

ಚಿತ್ರದ ಕಂಪನಿ ನದಿಯಾಚೆ, ಜಾಲಿಯ ಗಿಡಗಳ ನಡುವೆ ಇತ್ತು. ಅದಕ್ಕೆ ಮೇಲ್ಛಾವಣಿ ಇರಲಿಲ್ಲ. ಸೂರ್ಯನ ಬೆಳಕಿನಲ್ಲಿಯೇ ಚಿತ್ರ ತೆಗೆಯುವುದರಿಂದ ಅರಮನೆಗೆ ಮೂರು ಗೋಡೆ ಕಟ್ಟಿ, ಮೇಲೆ ತೆಳುವಾದ ಬಿಳಿ ಬಟ್ಟೆ ಬಿಗಿದು ಬಿಟ್ಟಿದ್ದರು. ದಶರಥನ ಸಿಂಹಾಸನದ ಮೇಲೆ ಕೋಳಿಯೊಂದು ಕೂತಿತ್ತು.

ಬಾಗಿಲಲ್ಲೇ ನನಗೆ ಹನುಮಂತನ ದರ್ಶನವಾಯಿತು. ಅಡಿಯಿಂದ ಮುಡಿಯವರೆಗೆ ಕೆಮ್ಮಣ್ಣು ಬಳಿದುಕೊಂಡ ಒಬ್ಬ ಆಜಾನುಬಾಹು ನಿಂತು ಬೀಡಿ ಸೇದುತ್ತಿದ್ದನು. ನಾನು ಪೇಟ ಸರಿಮಾಡಿಕೊಂಡು ಕೈಮುಗಿದು, "ಬಾಲ ಇನ್ನೂ ಕಟ್ಟಿಲ್ಲವೇ?" ಎಂದು ವಿನಯದಿಂದ ಕೇಳಿದೆ.

ಅವನು ನನ್ನನ್ನು ದಿಟ್ಟಿಸಿ ನೋಡಿ, "ನಾನು ಪ್ರಭು ರಾಮಚಂದ್ರ" ಎಂದನು.

ನೀಲಮೇಘಶ್ಯಾಮನನ್ನು ಇಟ್ಟಿಗೆಯ ಬಣ್ಣದಲ್ಲಿ ಅದ್ದಿ ತೆಗೆದಿದ್ದರು! ಹನ್ನೆರಡು ವರ್ಷದಲ್ಲಿ ನಾನು ಕುಡಿದು ಬಂದ ರಾಮರನ್ನು ಕಂಡಿದ್ದೆ. ಜಗಳಾಡಿ ಒಂದೇ ಮೀಸೆ ಬೋಳಿಸಿಕೊಂಡ ರಾಮನನ್ನೂ ಕಂಡಿದ್ದೆ. ಕೆಂಪು ರಾಮನನ್ನು ಕಂಡಿರಲಿಲ್ಲ. "ಯಾಕೆ ಕೆಂಪು?" ಎಂದು ಕೇಳಿದರೆ ಅವನು ಹೊಗೆ ಬಿಟ್ಟು, "ದಾಮುಅಣ್ಣನ ಅಪ್ಪಣೆ" ಎಂದನು. ದಾಮುಅಣ್ಣ ಕ್ಯಾಮರಾದವನು. ಅವನು ಫಿಲ್ಮು ಕೊಳ್ಳಲು ಮುಂಬಯಿಗೆ ಹೋಗಿದ್ದನು. ದಾಮುಅಣ್ಣನಿಗೆ ಪುರಾಣಜ್ಞಾನ ಕಡಿಮೆಯೆಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದೆ.

ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ರಾಮನು ಸೀತೆಗೆ ವನವಾಸದ ಸುದ್ದಿ ಹೇಳುವ ಭಾಗದ ತಾಲೀಮು ನಡೆಯಿತು. ಸೀತೆ ಕಂಬಕ್ಕೆ ಆತು ಕಣ್ಣೀರು ಸುರಿಸುತ್ತಿದ್ದಳು. ರಾಮನು ಎದೆಯ ಮೇಲೆ ಕೈಯಿಟ್ಟು, ಅಗಸನು ತನ್ನ ಧೋತರವನ್ನು ಹರಿದು ತಂದನೆಂದು ಹೇಳುತ್ತಿದ್ದನು. ಸೀತೆ ಬಿಕ್ಕುತ್ತ, ಬೇರೆ ಅಗಸನನ್ನು ಹುಡುಕೆಂದಳು. ಮಾತು ಕೇಳಿಸುವುದಿಲ್ಲವಾದ್ದರಿಂದ ಏನು ಮಾತಾಡಿದರೂ ನಡೆಯುತ್ತದಂತೆ. ಮುಖ ಮಾತ್ರ ಅಳಬೇಕು. ನಾನು ಕಿವಿ ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಂಡಾಗ, ನಿಜ ಹೇಳುತ್ತೇನೆ, ನನಗೂ ಅಳು ಬಂತು.

ಕಂಪನಿಯ ಒಡೆಯನಾದ ತಾತ್ಯಾಸಾಹೇಬ, ಅಂದರೆ ಕಾಕುವಿನ ಸೋದರಳಿಯ, ಭಾವುಕ ಮನುಷ್ಯ. ಮಾತನಾಡುವಾಗ ಎದುರಿನವನ ಕೈ ಹಿಡಿದುಕೊಳ್ಳುತ್ತಿದ್ದನು. "ಶಂಕರರಾವ, ನನಗೆ ಒಂದೇ ಪರದೆ ಬೇಕು. ಸರಯೂ ತೀರದಲ್ಲಿ ಅರುಣೋದಯ. ಅಯೋಧ್ಯೆ ಬಿಟ್ಟ ರಾಮ ಸೂರ್ಯನಿಗೆ ಕೈಮುಗಿದು ಹೊಳೆ ದಾಟುತ್ತಾನೆ. ಆ ಸೂರ್ಯನನ್ನು ನೋಡಿ ನನ್ನ ಕಾಕು ಕೈಮುಗಿಯಬೇಕು. ಅವಳು ಮುಗಿದರೆ ಇಡೀ ಮಹಾರಾಷ್ಟ್ರ ಮುಗಿದಂತೆ."

ಅರುಣೋದಯ! ನಾನು ಒಳಗೊಳಗೇ ನಕ್ಕೆ. ಎಣ್ಣೆಯ ಅಂಗಡಿ ನನ್ನ ಕಣ್ಣ ಮುಂದೆಯೇ ಬಾಗಿಲು ಮುಚ್ಚಿತು.

ಮುಸುಕಿನೊಳಗೆ

ಉಗ್ರಾಣದವನು ನನ್ನ ಮುಂದೆ ಬಣ್ಣದ ಡಬ್ಬಿಗಳನ್ನು ಇಟ್ಟನು: ಸುಣ್ಣ, ಕಾಡಿಗೆ, ಬೂದಿ, ಸ್ವಲ್ಪ ನೀಲಿ, ಮಾಸಿದ ಹಸಿರು. ಇನ್ನಿಲ್ಲವೇ ಎಂದೆ. ಇಷ್ಟೇ ಎಂದನು. ಪುಣೆಯವರ ಮಿತವ್ಯಯದ ಕತೆಗಳನ್ನು ಕೇಳಿದ್ದೆ. ಆದರೆ ಸೂರ್ಯೋದಯವನ್ನು ಬೂದಿಯಲ್ಲಿ ಮುಗಿಸಬೇಕೆನ್ನುವಷ್ಟು ಮುಂದೆ ಹೋಗಿರಬಹುದೆಂದು ಎಣಿಸಿರಲಿಲ್ಲ. ಡಬ್ಬಿಗಳನ್ನು ಬದಿಗೆ ಸರಿಸಿದೆ. ಗದಗಿನವರು ಕೊಡುಗೈಯವರೆಂಬುದನ್ನು ಪುಣೆಯು ಕಲಿಯಲಿ ಎಂದು ನನ್ನ ಮಡಕೆಯನ್ನು ಬಿಚ್ಚಿದೆ.

ಇಲ್ಲಿ ನಮ್ಮ ಕಸುಬಿನ ಒಂದು ಕಟ್ಟಳೆಯನ್ನು ಹೇಳಬೇಕು. ಹೊಸ ಪರದೆಯನ್ನು ಕಾಯಿ ಒಡೆಯುವ ತನಕ ಯಾರೂ ನೋಡಬಾರದು. ಮುಸುಕು ಹಾಕಿ ಅದರೊಳಗೆ ಬರೆಯಬೇಕು. ನೋಡಿದರೆ ದೃಷ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋಡಿದವನು ಸಲಹೆ ಕೊಡುತ್ತಾನೆ. ಆದ್ದರಿಂದ ನಾನು ಸುತ್ತಲೂ ಗೋಣಿತಟ್ಟು ಕಟ್ಟಿಸಿ ಎಂಟು ದಿನ ಒಳಗೇ ಇದ್ದೆ. ತಾತ್ಯಾಸಾಹೇಬ ಎರಡು ಸಲ ಇಣುಕಲು ಬಂದನು. ಎರಡು ಸಲವೂ ಶಾಸ್ತ್ರ ಹೇಳಿ ತಿರುಗಿಸಿದೆ.

ಆ ಎಂಟು ದಿನ ನಾನು ಬರೆದದ್ದನ್ನು ಅದಕ್ಕೆ ಮುಂಚೆ ಬರೆದಿರಲಿಲ್ಲ. ಸರಯೂ ನದಿಯ ಮೇಲೆ ಇಂಗಳೀಕದ ಓಕುಳಿ. ಮೋಡದ ಅಂಚಿಗೆ ಕುಸುಬೆಯ ಹೂವಿನ ಬಣ್ಣ. ನಡುವೆ ಸೂರ್ಯ: ಆಗ ತಾನೆ ಒಡೆದ ದಾಳಿಂಬದಂಥ ಕೆಂಪು. ಕೊನೆಯಲ್ಲಿ ಕೆಳಗಿನ ಮೂಲೆಗೆ 'ಗದಗಿನ ಶಂಕ್ರಪ್ಪ ಪೇಂಟರ್' ಎಂದು ಬರೆದೆ. ಅದನ್ನೂ ಕೆಂಪಿನಲ್ಲೇ ಬರೆದೆ.

ಕಾಯಿ ಒಡೆದು ಮುಸುಕು ಸರಿಸಿದಾಗ ತಾತ್ಯಾಸಾಹೇಬ ನನ್ನ ಎರಡೂ ಕೈ ಹಿಡಿದು ಗಳಗಳನೆ ಅತ್ತನು. ಕೆಂಪು ರಾಮನೂ ಬೀಡಿಯನ್ನು ಹಿಂದೆ ಮರೆಸಿದನು. ದಾಮುಅಣ್ಣನು ಮುಂಬಯಿಯಿಂದ ಬರುವುದು ತಡವಾಗುವುದೆಂದು ತಿಳಿದಿತ್ತು. ಮೋಡ ಕಟ್ಟುತ್ತಿತ್ತು, ಬಿಸಿಲು ಇನ್ನೊಂದು ಗಳಿಗೆ ಇದ್ದೀತು. ತಾತ್ಯಾಸಾಹೇಬ ಅಂಗಿಯ ತೋಳು ಮಡಚಿ, ಉಳಿದಿದ್ದ ಫಿಲ್ಮನ್ನು ಹಾಕಿ, ತಾನೇ ಕ್ಯಾಮರಾದ ಹಿಡಿಕೆ ತಿರುಗಿಸಿದನು. ರಾಮನು ನನ್ನ ಸೂರ್ಯನಿಗೆ ಕೈಮುಗಿದು, ಸೀತೆಗೆ ಅಗಸನ ಹೆಸರು ಹೇಳಿ, ಹೊಳೆ ದಾಟಿದನು.

ಸಂಜೆ ಗಂಗವ್ವನಿಗೆ ಕಾಗದ ಬರೆದೆ: ಬುತ್ತಿ ಕಟ್ಟಲು ಶುರು ಮಾಡು. ಅಂಚೆಗೆ ಹಾಕುವಷ್ಟರಲ್ಲಿ ಅಂಚೆಯವನು ಬಂದು ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋಗಿದ್ದನು, ನನ್ನ ಕಾಗದ ಕೈಯಲ್ಲೇ ಉಳಿಯಿತು. ನನ್ನ ಜೀವನದಲ್ಲಿ ಅಂಚೆಯವರು ಮಾಡಿದ ಏಕೈಕ ಉಪಕಾರ.

ಕತ್ತಲೆ ಕೋಣೆ

ದಾಮುಅಣ್ಣನ ಕೈಕೆಳಗಿನ ಹುಡುಗನು ಚಿತ್ರವನ್ನು ತೊಳೆದು ಒಣಗಿಸಿದ ಮೇಲೆ ಒಂದು ಮಧ್ಯಾಹ್ನ ಉಗ್ರಾಣದ ಕಿಟಕಿಗಳಿಗೆ ಕಂಬಳಿ ಹೊದಿಸಿ ತೋರಿಸುವ ವ್ಯವಸ್ಥೆಯಾಯಿತು. ಮುಂದಿನ ಸಾಲಿನಲ್ಲಿ ಕಾಕು ಮಣೆಯ ಮೇಲೆ. ಅವಳ ಹಿಂದೆ ತಾತ್ಯಾಸಾಹೇಬ, ನಾನು, ಬಸಲಿಂಗಪ್ಪ. ಮುಂಬಯಿಯಿಂದ ಅಂದೇ ಬೆಳಿಗ್ಗೆ ಬಂದಿದ್ದ ದಾಮುಅಣ್ಣ ಯಂತ್ರದ ಬಳಿ ನಿಂತಿದ್ದನು. ಮೂಲೆಯಲ್ಲಿ ಒಂದು ಪರಾತದ ತುಂಬ ಬೂಂದಿಯ ಲಾಡು, ಸಮಾರಂಭ ಮುಗಿದ ಮೇಲೆ ಹಂಚಲು.

ಎದುರಿಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಮೊದಲು ಅರಮನೆ ಬಂತು. ರಾಮ ಬಂದನು. ನಾನು ಕೂತಲ್ಲೇ ಬೆಚ್ಚಿದೆ. ಆ ಇಟ್ಟಿಗೆಯ ರಾಮ ಬಟ್ಟೆಯ ಮೇಲೆ ಮೋಡದಂತೆ ಕಪ್ಪಗೆ, ಪುರಾಣದಲ್ಲಿ ಹೇಳಿದ ಹಾಗೆ ಶ್ಯಾಮಸುಂದರನಾಗಿ ನಿಂತಿದ್ದನು. ಅದರ ಅರ್ಥವೇನೆಂದು ಯೋಚಿಸುವಷ್ಟು ಸಮಯ ಸಿಗಲಿಲ್ಲ. ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಅರುಣೋದಯ' ಎಂದು ಬಂತು. ಕಾಕು ಕೈ ಜೋಡಿಸಲು ಸಿದ್ಧಳಾದಳು.

ಆಮೇಲೆ ಕತ್ತಲೆ ಬಂತು.

ಯಂತ್ರ ಕೆಟ್ಟಿತೆಂದು ನಾನು ಹಿಂದೆ ತಿರುಗಿದೆ. ಕೆಟ್ಟಿರಲಿಲ್ಲ. ಆ ಕತ್ತಲೆಯಲ್ಲಿ ಏನೋ ಅಲ್ಲಾಡುತ್ತಿತ್ತು: ನಾಲ್ಕು ಬಿಳಿಯ ಕಣ್ಣು, ಒಂದು ಧೋತರ. ಸರಯೂ ನದಿ ಟಾರಿನಂತೆ ಹರಿದಿತ್ತು. ಆಕಾಶದ ನಡುವೆ, ನನ್ನ ದಾಳಿಂಬದ ಸೂರ್ಯ ಇದ್ದ ಜಾಗದಲ್ಲಿ, ಒಂದು ದುಂಡನೆಯ ಕರಿಯ ಬಿಲ್ಲೆ ಕೂತಿತ್ತು. ಪ್ರಭು ರಾಮಚಂದ್ರನು ಆ ಬಿಲ್ಲೆಗೆ ಭಕ್ತಿಯಿಂದ ಕೈಮುಗಿದನು. ನನ್ನ ಹೆಸರು ಬರೆದ ಮೂಲೆಯೂ ಕಪ್ಪಾಗಿತ್ತು. ಆ ದಿನದ ಮಟ್ಟಿಗೆ ದೇವರು ನನ್ನ ಕಡೆ ನೋಡಿದ್ದು ಅಷ್ಟೇ.

"ಗ್ರಹಣ!" ಎಂದು ಕಾಕು ಚೀರಿದಳು. "ಖಗ್ರಾಸ ಗ್ರಹಣ! ಗ್ರಹಣದಲ್ಲಿ ರಾಮನನ್ನು ಪ್ರಯಾಣ ಹೊರಡಿಸಿದಿರಲ್ಲೋ ಪಾಪಿಗಳಾ! ಹದಿನಾಲ್ಕು ವರ್ಷ ಯಾಕೆ ಕಷ್ಟಪಟ್ಟನೆಂದು ಇವತ್ತು ಗೊತ್ತಾಯಿತು!" ಕಂಬಳಿ ಸರಿಸಿ, ಲಾಡುವಿನ ಪರಾತಕ್ಕೆ ತುಳಸಿಯ ಎಲೆ ಹಾಕಲು ಹೇಳಿ, ಸ್ನಾನ ಮಾಡಲು ಹೊರಟುಹೋದಳು. ಯಾರೂ ಲಾಡು ಮುಟ್ಟಲಿಲ್ಲ.

"ಶಂಕ್ರಪ್ಪಾ," ಎಂದು ಬಸಲಿಂಗಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದನು, "ನನ್ನ ಖೋಲಿ ಹೋತಪಾ!"

ದಾಮುಅಣ್ಣ ಮೀರಜದ ಕಡೆಯವನು; ಅವನಿಗೆ ಎರಡೂ ಭಾಷೆ ಒಂದೇ ಚೀಲದಲ್ಲಿದ್ದವು. ನನ್ನ ಹತ್ತಿರ ಬಂದು ಮೇಲಿಂದ ಕೆಳಗೆ ನೋಡಿ, "ಕಾಯ್ ಹೋ ಪೇಂಟರ್, ಸೂರ್ಯಾನ್ನ ಕೊಂದ ಬಿಟ್ರಲ್ಲಾ ತುಮ್ಹೀ! ಕೆಂಪು ಎಷ್ಟ ಹಾಕೀರಿ?" ಎಂದನು.

"ಮೂರು ಪಟ್ಟು" ಎಂದೆ.

"ಅರೆ ದೇವಾ! ನಮ್ಮ ಫಿಲ್ಮ ಕುರುಡ ಅದರೀ. ಕೆಂಪು ಅದಕ್ಕ ಕಾಣೂದs ಇಲ್ಲ. ನಾ ತೊಳಿಯೂ ಖೋಲ್ಯಾಗ ಕೆಂಪ ದೀಪಾ ಹಚ್ಚಿಟ್ಟ ಕೆಲಸಾ ಮಾಡ್ತೀನಿ, ಅದಕ್ಕ ಗೊತ್ತs ಆಗೂದಿಲ್ಲ. ಕೆಂಪು ಅಂದ್ರ ಅದಕ್ಕ ಕತ್ತಲಿ. ನೀಲಿ ಅಂದ್ರ ಬೆಳಕು. ರಾಮಗ ನೀಲಿ ಹಚ್ಚಿದ್ರ ಗೋರಾ ಸಾಹೇಬ ಆಗ್ತಾನ, ಅದಕ್ಕs ಕೆಮ್ಮಣ್ಣು."

ಹನ್ನೆರಡು ವರ್ಷ ನರಗುಂದ, ನವಲಗುಂದ, ಸವದತ್ತಿಗಳನ್ನು ಎಬ್ಬಿಸಿ ನಿಲ್ಲಿಸಿದ ನನ್ನ ಕೆಂಪು ಒಂದು ಕತ್ತಲೆ. ನಾನು ಕೂತ ಮಣೆಯಿಂದ ಎದ್ದೆನೋ ಇಲ್ಲವೋ ನೆನಪಿಲ್ಲ. ತಾತ್ಯಾಸಾಹೇಬ ಈ ಸಲವೂ ನನ್ನ ಕೈ ಹಿಡಿದು ಅತ್ತನು, ಆದರೆ ಅಳು ಬೇರೆ ರೀತಿಯದಾಗಿತ್ತು. ರಾಮನ ವೇಷದವನು ಹದಿನೈದು ದಿನದಲ್ಲಿ ಬೇರೆ ಕಂಪನಿಗೆ ಹೋಗುವವನಿದ್ದನು. "ಎಂಟು ದಿನ, ಶಂಕರರಾವ. ಆಮೇಲೆ ನಾನು ಮುಂಬಯಿಯಿಂದ ಬೇರೆಯವನನ್ನು ಕರೆಸಲೇಬೇಕು."

ನೀಲಿ ಗಾಜು

ದಾಮುಅಣ್ಣ ನನಗೆ ಒಂದು ನೀಲಿ ಗಾಜಿನ ತುಂಡನ್ನು ಕೊಟ್ಟನು. "ಇದರಾಗಿಂದ ನೋಡ್ರಿ. ಫಿಲ್ಮ ಹೆಂಗ ನೋಡ್ತದ, ಹಂಗ ಕಾಣತದ. ಊರ ತುಂಬ ತಿರುಗ್ರಿ. ಕುಂಚ ಆಮೇಲೆ."

ನಾನು ಮೂರು ದಿನ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಗಾಜು ಹಿಡಿದು ಪುಣೆಯಲ್ಲಿ ತಿರುಗಿದೆ. ಪ್ರವಾಸಿಗಳು ಊರು ನೋಡುವ ಹಲವು ವಿಧಾನಗಳಲ್ಲಿ ಇದು ಮಾನ್ಯವಾದುದಲ್ಲ. ಓಣಿಗೊಂದರಂತೆ ಇರುವ, ಸಿಂಧೂರ ಬಳಿದ ಮಾರುತಿಗಳು ಇದ್ದಿಲಿನ ರಾಶಿಯಾದವು. ಮಂಡಿಯಲ್ಲಿ ಗಜ್ಜರಿಗಳು ಸುಟ್ಟ ಕೊಳ್ಳಿಗಳಾದವು. ಎದುರಿಗೆ ಬಂದ ಹೆಂಗಸರ ಕುಂಕುಮವೆಲ್ಲ ಹಣೆಯಲ್ಲಿ ಕೊರೆದ ತೂತಿನಂತೆ ಕಂಡಿತು. ಎಳನೀಲಿ ಬಣ್ಣ ಬಳಿದ ಒಂದು ಮುರುಕು ಬಾಗಿಲು ಮಾತ್ರ ಹಾಲಿನಲ್ಲಿ ತೊಳೆದಂತೆ ಬೆಳಗುತ್ತಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತದ್ದಕ್ಕೆ ಆ ಮನೆಯ ಗೃಹಸ್ಥರು ಹೊರಗೆ ಬಂದು, ನನಗೆ ಏನು ಬೇಕೆಂದು ಮೂರು ಬಗೆಯ ವ್ಯಾಕರಣದಲ್ಲಿ ಕೇಳಿದರು. ಬೆಳಕು ಎಂದೆ. ಬಾಗಿಲು ಹಾಕಿಕೊಂಡರು. ಹೊರಗಿನಿಂದ ನನಗೆ ಅದೇ ಅನುಕೂಲವಾಯಿತು.

ಮೂರನೆಯ ದಿನ ವಾಡೆಯ ಅಂಗಳದಲ್ಲಿ ಕೂತಿದ್ದೆ. ಗ್ರಹಣದ ದಿನದಿಂದ ಕಾಕು ನನ್ನೊಡನೆ ಮಾತು ಬಿಟ್ಟಿದ್ದಳು. ತುಳಸಿಗೆ ನೀರು ಹಾಕಲು ಬಂದವಳು ನನ್ನ ಗಾಜು ತನ್ನ ಕಡೆ ತಿರುಗಿದ್ದನ್ನು ಕಂಡಳು.

"ಏನು ಅದು? ನನ್ನನ್ನು ಯಾಕೆ ನೋಡುತ್ತಿದ್ದೀಯೆ?"

"ಫಿಲ್ಮಿನ ಕಣ್ಣು, ಕಾಕು. ಇದರಲ್ಲಿ ಕೆಂಪು ಕಪ್ಪಾಗುತ್ತದೆ."

"ತಾ ಇಲ್ಲಿ."

ಮಡಿಯಲ್ಲಿದ್ದ ಅವಳು ಗಾಜಿನ ಮೇಲೆ ಮೊದಲು ನೀರು ಸುರಿದು, ಆಮೇಲೆ ಕಣ್ಣಿಗೆ ಹಿಡಿದಳು. ತುಳಸಿಯನ್ನು ನೋಡಿದಳು. ಆಕಾಶ ನೋಡಿದಳು. ಕೊನೆಗೆ ತಲೆ ತಗ್ಗಿಸಿ ತನ್ನ ಸೀರೆಯನ್ನು ನೋಡಿದಳು. ಅಡಿಯಿಂದ ತಲೆಯ ಮುಸುಕಿನ ತನಕ ಹೊದ್ದಿದ್ದ ಆ ಕೆಂಪು ಸೀರೆ. ನನಗೆ ಅದು ಹೇಗೆ ಕಂಡಿತ್ತೆಂಬುದು ಗೊತ್ತಿತ್ತು, ಬಾವಿಯ ಒಳಗಿನಂತೆ. ಹೇಳಬಾರದಿತ್ತು, ತೋರಿಸಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡೆ.

"ನನಗೆ ಇದನ್ನು ಉಡಿಸಿದಾಗ ಹದಿನಾರು ವರ್ಷ" ಎಂದಳು ಕಾಕು. ಗಾಜನ್ನು ಇನ್ನೂ ಕಣ್ಣಿನಿಂದ ತೆಗೆದಿರಲಿಲ್ಲ. "ಎಲ್ಲರೂ ಇದನ್ನು ಕೆಂಪು ಎನ್ನುತ್ತಿದ್ದರು. ಈ ಗಾಜೊಂದು ನಿಜ ಹೇಳಿತು ನೋಡು."

ಗಾಜನ್ನು ಮತ್ತೊಮ್ಮೆ ತೊಳೆದು ನನ್ನ ಕೈಗೆ ತಾಗದಂತೆ ಮೇಲಿಂದ ಹಾಕಿ, ಒಳಗೆ ಹೋದಳು. ಹೋಗುವಾಗ, "ನಾಳೆಯಿಂದ ಸಾರಿಗೆ ಬೆಲ್ಲ ಕಡಿಮೆ ಹಾಕಿಸುತ್ತೇನೆ. ನೀನು ಸೊರಗಿದ್ದೀಯೆ" ಎಂದಳು.

ನಾನು ಆ ಅಂಗಳದಲ್ಲಿಯೇ ಕೂತು ಯೋಚಿಸಿದೆ. ಎಲ್ಲರೂ ಕತ್ತಲೆಗೆ ಕಾಡಿಗೆ ಬಳಿಯುತ್ತಾರೆ. ಕಾಡಿಗೆಯ ಕತ್ತಲೆ ಚಪ್ಪಟೆ, ಗೋಡೆಗೆ ಮೆತ್ತಿದ ಹಾಗೆ. ಈಗ ಗಾಜಿನಲ್ಲಿ ಕಂಡ ಕತ್ತಲೆಗೆ ಆಳವಿತ್ತು, ಮಡಿಕೆಗಳಿದ್ದವು. ಹಾಗಾದರೆ ಕೆಂಪನ್ನು ಬಿಡಬೇಕಾಗಿಲ್ಲ. ಅದಕ್ಕೆ ಬೇರೆ ಕೆಲಸ ಕೊಟ್ಟರಾಯಿತು.

ಮರುದಿನ ಮುಸುಕಿಲ್ಲದೆ ಬರೆಯಲು ಕೂತೆ. ಬಂದವರೆಲ್ಲ ನೋಡಿದರು, ಬಂದವರೆಲ್ಲ ಸಲಹೆ ಕೊಟ್ಟರು. ಆಕಾಶದ ನೆತ್ತಿಗೆ ಇಂಗಳೀಕ ಬಳಿದೆ, ಇನ್ನೂ ಹೋಗದ ಇರುಳಿಗಾಗಿ. ಕೆಳಗೆ ಬರಬರುತ್ತ ಜಾಜು, ಆಮೇಲೆ ಬೂದಿ, ಆಮೇಲೆ ನೀಲಿ ಬೆರೆತ ಸುಣ್ಣ. ಗಿಡಗಳಿಗೆ ಇಟ್ಟಿಗೆಯ ಬಣ್ಣ. ಸೂರ್ಯನನ್ನು ನೀಲಿ ಸೋಂಕಿದ ಬಿಳುಪಿನಲ್ಲಿ, ನೀರಿನಲ್ಲಿ ನೆನೆದ ಬೆರಳಿನ ಬಣ್ಣದಲ್ಲಿ ಬರೆದೆ. ಕುಂಚ ಒಂದು ಸಲ ಎಳೆಯುವುದು, ಗಾಜು ಒಂದು ಸಲ ಹಿಡಿಯುವುದು. ಗಾಜು ತೆಗೆದಾಗಲೆಲ್ಲ ಪರದೆಯ ಕಡೆಯಿಂದ ಮುಖ ತಿರುಗಿಸುತ್ತಿದ್ದೆ. ತಾತ್ಯಾಸಾಹೇಬ ದೂರದಿಂದ ನೋಡಿ ನನ್ನ ಕೈ ಹಿಡಿಯದೆ ಹಿಂತಿರುಗಿದನು. ಬಸಲಿಂಗಪ್ಪ ಬೇರೆ ಖೋಲಿ ಹುಡುಕಲು ಶುರು ಮಾಡಿದನು.

ಮತ್ತೆ ಅದೇ ಕೋಣೆ

ಈ ಸಲ ಲಾಡು ಇರಲಿಲ್ಲ. ತಾತ್ಯಾಸಾಹೇಬ ಮುನ್ನೆಚ್ಚರಿಕೆಯ ಮನುಷ್ಯನಾಗಿದ್ದನು. ಕಾಕು ಬರುವುದಿಲ್ಲವೆಂದಿದ್ದಳು, ಕೊನೆಯ ಗಳಿಗೆಯಲ್ಲಿ ಬಂದು ಮಣೆಯ ಮೇಲೆ ಕೂತಳು. ಸ್ನಾನ ಮಾಡಿಯೇ ಬಂದಿದ್ದೇನೆ, ಇನ್ನೊಮ್ಮೆ ಮಾಡಿಸಬೇಡಿ ಎಂದಳು.

'ಅರುಣೋದಯ' ಎಂಬ ಅಕ್ಷರಗಳು ಬಂದವು, ಹೋದವು. ನಾನು ಕಣ್ಣು ಮುಚ್ಚಿಕೊಂಡೆ. ಯಂತ್ರದ ಕಟಕಟ ಕೇಳುತ್ತಿತ್ತು. ಹುಬ್ಬಳ್ಳಿಯ ಎಣ್ಣೆಯ ವಾಸನೆ ನನ್ನ ಮೂಗಿಗೆ ಬಂದುಹೋಯಿತು.

ಕಣ್ಣು ತೆರೆದಾಗ ಬೆಳಗಾಗುತ್ತಿತ್ತು. ನೆತ್ತಿಯ ಮೇಲೆ ಮೆತ್ತನೆಯ ಇರುಳು, ಕೆಳಗೆ ತೆಳುವಾಗುತ್ತ ತೆಳುವಾಗುತ್ತ ಬೆಳ್ಳಿಯಾಗಿ, ನೀರಿನ ಮೇಲೆ ಇಳಿದು ಬಂದು ರಾಮನ ಪಾದಕ್ಕೆ ತಾಗಿತ್ತು. ಸೂರ್ಯ ಇದ್ದನು. ಅವನು ನಿಜವಾಗಿಯೂ ಇದ್ದನು. ಮುಂದಿನ ಸಾಲಿನಲ್ಲಿ ಬೋಳು ತಲೆಯ ಮೇಲಿನ ಮುಸುಕು ಸ್ವಲ್ಪ ಬಾಗಿತ್ತು. ಎರಡು ಮುಪ್ಪಿನ ಕೈಗಳು ಜೋಡಿಕೊಂಡು ಹಣೆಗೆ ಹೋಗಿದ್ದವು.

ಹಿಂದಿನಿಂದ ದಾಮುಅಣ್ಣ ಕೇಳಿದನು: "ಪೇಂಟರ್, ಆ ಮ್ಯಾಲಿನ ಕತ್ತಲಿ ಯಾತರಲೆ ಮಾಡೀರಿ? ಕಾಡಿಗಿ ಅಲ್ಲ ಅದು."

"ನಮ್ಮ ಗದಗಿನ ಇಂಗಳೀಕ" ಎಂದೆ.

"ಶಾಬಾಸ್. ಇದು ನನಗs ಹೊಳದಿರಲಿಲ್ಲ." ಆಮೇಲೆ ತಾತ್ಯಾಸಾಹೇಬನ ಕಡೆ ತಿರುಗಿ, ಇವನನ್ನು ಬಿಟ್ಟರೆ ನಾನೂ ಬಿಟ್ಟೆ ಎಂದು ಮರಾಠಿಯಲ್ಲಿ ಹೇಳಿದನು. ತಾತ್ಯಾಸಾಹೇಬ ಆಗಲೇ ನನ್ನ ಎರಡೂ ಕೈ ಹಿಡಿದಾಗಿತ್ತು. ನೌಕರಿ ಖಾಯಂ ಆಯಿತು. ಈ ಸಲ ಕಾಗದವನ್ನು ಅಂಚೆಗೆ ಹಾಕಲು ನಾನು ಓಡಿದೆ.

ಗಂಗವ್ವ

ಆಕೆ ಬಂದದ್ದು ಮೂರು ತಿಂಗಳ ಮೇಲೆ. ಆ ಮೂರು ತಿಂಗಳಲ್ಲಿ ನಾನು ಒಂದು ಲಂಕೆ, ಎರಡು ಅರಣ್ಯ, ಒಂದು ಸ್ವಯಂವರ ಮಂಟಪ ಬರೆದೆ. ಬೆಳಗಿನಿಂದ ಸಂಜೆಯ ತನಕ ಗಾಜಿನ ಜೊತೆಗೇ ಇದ್ದು, ಆಮೇಲಾಮೇಲೆ ಅದನ್ನು ಮನೆಯಿಂದ ತೆಗೆದುಕೊಳ್ಳುವುದನ್ನು ಮರೆತು ಬಂದು, ಹಾಗೆಯೇ ಬರೆಯುತ್ತಿದ್ದೆ.

ಗಂಗವ್ವ ಬಣ್ಣ ಅರೆಯುವ ಕಲ್ಲನ್ನೂ ಹೊತ್ತುಕೊಂಡು ರೈಲಿನಿಂದ ಇಳಿದಳು. ಬಂದ ಮರುದಿನವೇ, ಮುದುಕಿ ಕೈಮುಗಿದ ಆ ಪರದೆಯನ್ನು ತೋರಿಸಬೇಕೆಂದು ಹಟ ಹಿಡಿದಳು. ನದಿಯಾಚೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು ಚೆನ್ನಾಗಿತ್ತು. ಪರದೆಯನ್ನು ಬಿಡಿಸಿ ತೂಗಹಾಕಿ, ನಾಟಕದ ಮೊದಲ ರಾತ್ರಿಯವನಂತೆ ಬದಿಗೆ ಸರಿದು ನಿಂತೆ.

ಹನ್ನೆರಡು ವರ್ಷ ನನ್ನ ಸೂರ್ಯರಿಗೆಲ್ಲ ಬಣ್ಣ ಅರೆದುಕೊಟ್ಟವಳು ಮೇಲಿಂದ ಕೆಳಗೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಯಾರ ಹೋದರ್ರೀ?" ಎಂದು ಮೆಲ್ಲಗೆ ಕೇಳಿದಳು.

"ಯಾರೂ ಹೋಗಿಲ್ಲ. ಅದು ಬೆಳಗು."

"ಇದು?"

"ಹೂಂ."

"ಇದರಾಗ ಬೆಳಗು ಎಲ್ಲೈತ್ರೀ? ಹೆಣದ ಮಾರಿ ಇದ್ದಂಗ ಐತಿ. ಆಕಾಶಕ್ಕ ನೆತ್ತರ ಹತ್ತೇತಿ."

ನನಗೆ ಸಿಟ್ಟು ಬಂತು. ಹಳ್ಳಿಯವಳು, ತಿಳಿವಳಿಕೆ ಸಾಲದು ಎಂದುಕೊಂಡೆ. ಬೆಳಗು ಎಲ್ಲಿದೆಯೆಂದು ತೋರಿಸಲು ಕೈ ಎತ್ತಿದೆ. ಅಲ್ಲಿ, ಗಿಡಗಳ ಹಿಂದೆ, ನೀರು ಬೆಳ್ಳಗಾಗುತ್ತಿತ್ತು. ಇರುಳು ನೆತ್ತಿಯ ಮೇಲೆ ಮೆತ್ತಗೆ ಸರಿಯುತ್ತಿತ್ತು. ನಡುವೆ ಸೂರ್ಯ ತಣ್ಣಗೆ, ತುಂಬ ಚೆಲುವಾಗಿ ಏರುತ್ತಿದ್ದನು. ಇಷ್ಟು ಸ್ಪಷ್ಟವಾದುದನ್ನು ಕಾಣದಿರುವುದು ಹೇಗೆ?

ಆಗ ನನಗೆ ಹೊಳೆಯಿತು: ಗಾಜು ಮನೆಯಲ್ಲಿತ್ತು.

"ಅಲ್ಲಿ ನೋಡು" ಎಂದೆ.

ಗಂಗವ್ವ ನನ್ನ ಬೆರಳು ಹೋದ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.